ವಿದ್ಯೆಯೂ ಬೇಡಿಕೆಯೂ

ಮನುಷ್ಯನು ಯಾವ ವಿದ್ಯೆಯನ್ನು ಕಲಿಯಬೇಕು ಎಂಬ ಪ್ರಶ್ನೆಯು ಬಹು ಪುರಾತನವಾದುದು. ಅದನ್ನು ಕೇಳುವ ರೀತಿಯು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿರುವುದು. ಉಪನಿಷತ್ತಿನ ಕಾಲದ ಶಿಷ್ಯನು ಶ್ರೇಯಸ್ಸು ಯಾವುದರಿಂದ ಲಭಿಸುವುದೆಂದು ಗುರುವನ್ನು ಕೇಳಿದನು. ಆಂಗ್ಲರ ಆಳಿಕೆಯಲ್ಲಿ, ಯಾವ ಪರೀಕ್ಷೆಯು ತೇರ್ಗಡೆಯಾದರೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ದೊರೆಯುವುದೆಂದು ಕೇಳಿದರು. ಈಗಿನವರು, ಯಾವ ಓದಿಗೆ ಮುಂದೆ ಬೇಡಿಕೆ ಇರುವುದೆಂದು ಕೇಳುತ್ತಾರೆ. ಪ್ರತಿವರ್ಷವೂ ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ಬಳ್ಳಾರಿಯ ಕೌಲ್‌ಬಜಾರಿನ ಬೀದಿಗಳಲ್ಲಿಯೂ, ಸಿರುಗುಪ್ಪದ ಭತ್ತದ ಗದ್ದೆಗಳ ನಡುವಣ ಹಳ್ಳಿಗಳಲ್ಲಿಯೂ, ಕುರುಗೋಡಿನ ಬೆಟ್ಟದಡಿಯ ಮನೆಗಳಲ್ಲಿಯೂ ಇದೊಂದೇ ಮಾತು. ಇಪ್ಪತ್ತೈದು ವರ್ಷಗಳಿಂದ ಈ ಪ್ರಶ್ನೆಗೆ ಹೆಚ್ಚಾಗಿ ಒಂದೇ ಉತ್ತರವು ಕೇಳಿಬರುತ್ತಿದ್ದಿತು: ಗಣಕಯಂತ್ರದ ವಿದ್ಯೆ; ಮಾಹಿತಿ ತಂತ್ರಜ್ಞಾನ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬುದು ಲೋಕಕ್ಕೆ ಪರಿಚಯವಾಗಿ, ಗಣಕಯಂತ್ರವೇ ಗಣಕಯಂತ್ರಕ್ಕೆ ಬೇಕಾದ ಪ್ರೋಗ್ರಾಂಗಳನ್ನು ಬರೆಯತೊಡಗಿದ ಮೇಲೆ ಆ ಉತ್ತರದಲ್ಲಿ ಅಳುಕು ಹುಟ್ಟಿದೆ. ಓದಿಸಬೇಕೆನ್ನುವ ತಂದೆಯೂ ಓದಬೇಕಾದ ಮಗನೂ ಈಗ ಒಂದೇ ಭಯದಲ್ಲಿದ್ದಾರೆ.

ಈ ಭಯವು ನಿಜವಾದುದು. ಅದನ್ನು ಉಪದೇಶದ ಮಾತುಗಳಿಂದ ಮುಚ್ಚಲಾಗದು. ಆದರೆ ಭಯದಲ್ಲಿರುವವನು ಪ್ರಶ್ನೆಯನ್ನೇ ತಪ್ಪಾಗಿ ಕೇಳುವ ಸಂಭವವುಂಟು. ಮುಂದಿನ ಬೇಡಿಕೆಯನ್ನು ಊಹಿಸಿ ವಿದ್ಯೆಯನ್ನು ಆರಿಸಿಕೊಳ್ಳುವುದು ಯುಕ್ತವೇ, ಯುಕ್ತವಾದರೆ ಎಷ್ಟರಮಟ್ಟಿಗೆ, ಆ ಊಹೆಯ ಮೇಲೆ ಎಳೆಯರ ಬಾಳನ್ನು ಪಣಕ್ಕೆ ಒಡ್ಡುವವರ ಹೊಣೆಯೇನು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

(೧) ಪೂರ್ವಪಕ್ಷ

ಮೊದಲು ಬೇಡಿಕೆಯ ಪರವಾದ ವಾದವನ್ನು ಅದರ ಪೂರ್ಣ ಬಲದೊಡನೆ ಹೇಳುವುದು ನ್ಯಾಯ. ಅರ್ಥವೂ ಒಂದು ಪುರುಷಾರ್ಥವಾಗಿದೆ. ಮನೆಯಲ್ಲಿ ಹಸಿವನ್ನಿಟ್ಟುಕೊಂಡು ಜ್ಞಾನಕ್ಕಾಗಿ ಜ್ಞಾನವನ್ನು ಅರಸೆಂದು ಬಡವನ ಮಗನಿಗೆ ಹೇಳುವವನು ಬಹುಶಃ ತಾನು ಹೊಟ್ಟೆತುಂಬ ಉಂಡವನಾಗಿರುತ್ತಾನೆ. ಎರೆ ಭೂಮಿಯಲ್ಲಿ ಮಳೆಯನ್ನು ನಂಬಿ ಹತ್ತಿ ಜೋಳಗಳನ್ನು ಬೆಳೆದವನು, ಮಗನು ತಿಂಗಳು ತಿಂಗಳೂ ತಪ್ಪದೆ ಬರುವ ಸಂಬಳವನ್ನು ಕಾಣಲೆಂದು ಬಯಸಿದರೆ ಅದು ಲೋಭವಲ್ಲ, ವಾತ್ಸಲ್ಯ.

ಗಣಕಯಂತ್ರದ ವಿದ್ಯೆಯು ಈ ನಾಡಿಗೆ ಮಾಡಿದ ಉಪಕಾರವೂ ಅಲ್ಪವಲ್ಲ. ಬೆಂಗಳೂರಿನ ಹೊರವಲಯದಲ್ಲಿ ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಬಡಾವಣೆಗೆ ಮೊದಲಾದಾಗ ಅದು ಹೊಲಗಳ ನಡುವಣ ಬಯಲಾಗಿದ್ದಿತು. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು. ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಅಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ೧೯೯೧ರ ಆರ್ಥಿಕ ಸುಧಾರಣೆಗಳ ಅನಂತರ ಈ ಉದ್ಯಮವು ಬೆಳೆದ ವೇಗವು ಎಲ್ಲರಿಗೂ ತಿಳಿದಿರುವುದಷ್ಟೆ. ಇಂದು ಭಾರತದಲ್ಲಿ ಐವತ್ತು ಲಕ್ಷಕ್ಕೂ ಮೀರಿದ ಜನರು ಈ ಉದ್ಯಮದಲ್ಲಿದ್ದಾರೆ. ಪರದೇಶದ ದೊಡ್ಡ ಕಂಪನಿಗಳು ತಮ್ಮ ಸ್ವಂತ ಕೆಲಸಕ್ಕಾಗಿ ಭಾರತದಲ್ಲಿ ತೆರೆದ ಕೇಂದ್ರಗಳೇ ೨೦೨೪ರ ವೇಳೆಗೆ ಸುಮಾರು ೧,೭೦೦ ಆಗಿದ್ದು, ಅವುಗಳಲ್ಲಿ ಬೆಂಗಳೂರಿನ ಪಾಲೇ ಮಿಗಿಲಾಗಿದೆ. ಬಳ್ಳಾರಿಯ ಮಟ್ಟಿಗೂ ೧೯೮೦ರಲ್ಲಿ ಒಂದು, ೧೯೯೭ರಲ್ಲಿ ಇನ್ನೊಂದು ಇಂಜಿನಿಯರಿಂಗ್ ಕಾಲೇಜುಗಳು ಸ್ಥಾಪಿತವಾಗಿ, ಹಳ್ಳಿಯ ಮಕ್ಕಳು ಊರಿನ ಸಮೀಪದಲ್ಲಿಯೇ ಓದಿ, ಮುನ್ನೂರು ಕಿಲೋಮೀಟರಿನಾಚೆಯ ಬೆಂಗಳೂರಿಗೆ ಹೋಗಿ ನೆಲೆನಿಲ್ಲುವುದು ಸಾಧ್ಯವಾಯಿತು. ಅಕ್ಷರವನ್ನೇ ಅರಿಯದ ತಾಯಿಯ ಮಗಳು ಪರದೇಶದ ಬ್ಯಾಂಕಿನ ಲೆಕ್ಕವನ್ನು ಕಾಯುವ ಕೆಲಸಕ್ಕೆ ಸೇರಿದ್ದು ಸಣ್ಣ ಮಾತಲ್ಲ. ಹೊಲವಿಲ್ಲದವರಿಗೂ, ಶಿಫಾರಸು ಇಲ್ಲದವರಿಗೂ ಬಾಗಿಲು ತೆರೆದ ವಿದ್ಯೆ ಇದು. ಆದುದರಿಂದ ಬೇಡಿಕೆಯಿರುವ ವಿದ್ಯೆಯನ್ನೇ ಕಲಿಯಬೇಕು, ಬೇಡಿಕೆಯು ಬದಲಾದರೆ ವಿದ್ಯೆಯನ್ನೂ ಬದಲಾಯಿಸಬೇಕು, ಇದರಲ್ಲಿ ವಿಚಾರಕ್ಕೆ ಎಡೆಯೇ ಇಲ್ಲ. ಇದು ಪೂರ್ವಪಕ್ಷ.

ಈ ವಾದದಲ್ಲಿ ಜೀವನೋಪಾಯದ ಗೌರವವನ್ನು ಎತ್ತಿಹಿಡಿದ ಭಾಗವು ಸರ್ವಥಾ ಗ್ರಾಹ್ಯವಾಗಿದೆ. ಮುಂದಿನ ಬೇಡಿಕೆಯನ್ನು ಇಂದು ತಿಳಿಯಬಹುದೆಂಬ ಭಾಗವು ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ.

(೨) ಧಾರಣೆಯನ್ನು ನೋಡಿ ಬಿತ್ತುವುದು

ಬಳ್ಳಾರಿ ಸೀಮೆಯ ಒಕ್ಕಲಿಗರಿಗೆ ಚೆನ್ನಾಗಿ ತಿಳಿದ ಸಂಗತಿಯೊಂದುಂಟು. ಒಂದು ವರ್ಷ ಮೆಣಸಿನಕಾಯಿಗೆ ಒಳ್ಳೆಯ ಧಾರಣೆ ಬಂದರೆ ಮರುವರ್ಷ ಎಲ್ಲರೂ ಮೆಣಸಿನಕಾಯಿಯನ್ನೇ ಹಾಕುತ್ತಾರೆ. ಎಲ್ಲರ ಬೆಳೆಯೂ ಒಮ್ಮೆಗೇ ಸಂತೆಗೆ ಬಂದಾಗ ಧಾರಣೆಯು ಇಳಿಯುತ್ತದೆ. ೨೦೨೪ರ ಮಾರ್ಚಿನಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ದೂರದೂರದಿಂದ ಚೀಲಗಳನ್ನು ತಂದಿದ್ದ ರೈತರ ರೋಷವು ಬೆಂಕಿಯ ರೂಪದಲ್ಲಿಯೇ ಹೊರಬಿದ್ದಿತು. ಧಾರಣೆಯೆಂಬುದು ಹಿಂದಿನ ಬೆಳೆಯ ವಾರ್ತೆ. ಬಿತ್ತನೆಯಾದರೋ ಮುಂದಿನ ಬೆಳೆಗಾಗಿ. ಇವೆರಡರ ನಡುವಣ ಕಾಲದಲ್ಲಿ ಏನಾಗುವುದೆಂಬುದು ಬಿತ್ತುವವನ ಕೈಯಲ್ಲಿಲ್ಲ.

ಮೆಣಸಿನ ಬೆಳೆಗೆ ಕೆಲವು ತಿಂಗಳು ಸಾಕು. ಇಂಜಿನಿಯರನ ಬೆಳೆಗೆ ನಾಲ್ಕು ವರ್ಷ ಬೇಕು. ೨೦೨೧ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಲೋಕದ ವ್ಯವಹಾರವೆಲ್ಲವೂ ಗಣಕಯಂತ್ರಕ್ಕೆ ಏರಿದಾಗ ಕಂಪನಿಗಳು ಹಿಂದೆಂದೂ ಇಲ್ಲದಷ್ಟು ಜನರನ್ನು ಸೇರಿಸಿಕೊಂಡುವು. ಆ ವರ್ಷದ ಧಾರಣೆಯನ್ನು ನೋಡಿ ಕಾಲೇಜಿಗೆ ಸೇರಿದವನು ಹೊರಬಂದುದು ೨೦೨೫ರಲ್ಲಿ. ಅಷ್ಟರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಎಂಬ ಮೂರು ದೊಡ್ಡ ಸಂಸ್ಥೆಗಳ ನೌಕರರ ಸಂಖ್ಯೆಯು ೨೦೨೩–೨೪ನೆಯ ಒಂದೇ ವರ್ಷದಲ್ಲಿ ಒಟ್ಟು ಅರವತ್ತು ಸಾವಿರಕ್ಕೂ ಹೆಚ್ಚು ತಗ್ಗಿದ್ದಿತು. ೨೦೨೫ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇಕಡಾ ಎರಡು ಭಾಗವನ್ನು, ಅಂದರೆ ಸುಮಾರು ಹನ್ನೆರಡು ಸಾವಿರ ಮಂದಿಯನ್ನು ಕಡಮೆಮಾಡುವುದಾಗಿ ಪ್ರಕಟಿಸಿತು. ಹೊಸಬರಿಗೆ ಸಿಗುವ ಆರಂಭದ ಸಂಬಳವಾದರೋ ಹಲವು ವರ್ಷಗಳಿಂದ ವಾರ್ಷಿಕ ಮೂರರಿಂದ ನಾಲ್ಕು ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿಯೇ ನಿಂತಿದೆ. ಇದಕ್ಕೆ ಆ ವಿದ್ಯಾರ್ಥಿಯ ದೋಷವೇನೂ ಕಾರಣವಲ್ಲ. ಅವನು ಬಿತ್ತಿದ ದಿನದ ಬೆಲೆ ಬೇರೆ, ಕೊಯ್ದ ದಿನದ ಬೆಲೆ ಬೇರೆ.

ಬಲ್ಲವರನ್ನು ಕೇಳಿದರೆ ಮುಂದಿನ ಬೆಲೆ ತಿಳಿಯದೇ ಎಂದು ಶಂಕೆ ಬರಬಹುದು. ಬಲ್ಲವರಲ್ಲಿ ಅಗ್ರಗಣ್ಯನಾದ ಜೆಫ್ರಿ ಹಿಂಟನ್ ಎಂಬ ವಿದ್ವಾಂಸನು, ಐದು ವರ್ಷಗಳಲ್ಲಿ ಯಂತ್ರವೇ ಕ್ಷಕಿರಣದ ಚಿತ್ರಗಳನ್ನು ವೈದ್ಯರಿಗಿಂತ ಚೆನ್ನಾಗಿ ಓದುವುದಾದುದರಿಂದ ಆ ಶಾಖೆಯ ವೈದ್ಯರಿಗೆ ಶಿಕ್ಷಣ ಕೊಡುವುದನ್ನೇ ನಿಲ್ಲಿಸಬೇಕೆಂದು ೨೦೧೬ರಲ್ಲಿ ಹೇಳಿದನು. ಅವನಿಗೆ ೨೦೨೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಬಂದಿತು. ಆದರೆ ಅವನು ಬೇಡವೆಂದ ಆ ವೈದ್ಯರಿಗೆ ಇಂದಿಗೂ ಎಲ್ಲೆಡೆ ಬೇಡಿಕೆ ಇದ್ದೇ ಇದೆ. ಯಂತ್ರವನ್ನು ಕಟ್ಟಿದವನಿಗೇ ಯಂತ್ರದ ಭವಿಷ್ಯವು ಸರಿಯಾಗಿ ಕಾಣಲಿಲ್ಲವೆಂದ ಮೇಲೆ ಇತರರ ಮಾತೇನು? ವಿಶ್ವ ಆರ್ಥಿಕ ವೇದಿಕೆಯು ೨೦೨೫ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿ, ೨೦೩೦ರೊಳಗೆ ಜಗತ್ತಿನಲ್ಲಿ ಹದಿನೇಳು ಕೋಟಿ ಹೊಸ ಉದ್ಯೋಗಗಳು ಹುಟ್ಟುವುವೆಂದೂ, ಒಂಬತ್ತು ಕೋಟಿ ಇಪ್ಪತ್ತು ಲಕ್ಷ ಉದ್ಯೋಗಗಳು ಅಳಿಯುವುವೆಂದೂ ಒಟ್ಟಿಗೇ ಹೇಳಿದೆ. ಆಶೆಪಡುವವನು ಮೊದಲನೆಯ ಅಂಕಿಯನ್ನು ಹಿಡಿಯುತ್ತಾನೆ, ಹೆದರುವವನು ಎರಡನೆಯದನ್ನು. ಕುರುಗೋಡಿನ ಒಬ್ಬ ಹುಡುಗಿಯು ಯಾವ ಅಂಕಿಯೊಳಗೆ ಬೀಳುವಳೆಂದು ಆ ವರದಿಯು ಹೇಳಲಾರದು.

(೩) ಬಳ್ಳಾರಿಯೇ ಕಂಡ ಪಾಠ

ಬೇಡಿಕೆಯ ಏರಿಳಿತವನ್ನು ತಿಳಿಯಲು ಬಳ್ಳಾರಿಯವರು ಬೆಂಗಳೂರಿಗೂ ಅಮೆರಿಕಕ್ಕೂ ಹೋಗಬೇಕಾಗಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದೇಶದ ಉಕ್ಕಿನ ಕುಲುಮೆಗಳು ಕಬ್ಬಿಣದ ಅದಿರಿಗಾಗಿ ಬಾಯ್ದೆರೆದುವು. ಸಂಡೂರಿನ ಬೆಟ್ಟಗಳಿಗೆ ಒಮ್ಮೆಗೇ ಬೆಲೆ ಬಂದಿತು. ಓದುತ್ತಿದ್ದ ಹುಡುಗರು ಓದನ್ನು ಬಿಟ್ಟು ಲಾರಿಯ ಕೆಲಸಕ್ಕೆ ಹೋದರು. ಹೊಲವುಳ್ಳವರು ಹೊಲವನ್ನು ಅಡವಿಟ್ಟು ಲಾರಿಗಳನ್ನು ಕೊಂಡರು. ಆಗಿನ ದಿನಗಳಲ್ಲಿ ಅದಿರಿನ ಬೇಡಿಕೆಯು ಇಳಿಯಬಹುದೆಂದವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಅಕ್ರಮವು ಮಿತಿಮೀರಿತು, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಯು ಹೊರಬಂದಿತು, ೨೦೧೧ರ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ೨೦೧೩ರ ಏಪ್ರಿಲಿನಲ್ಲಿ ನಿಯಮಕ್ಕೊಳಪಟ್ಟ ಗಣಿಗಳಿಗೆ ಮಾತ್ರ ಮತ್ತೆ ಅನುಮತಿ ದೊರೆತರೂ, ನಡುವಣ ದಿನಗಳಲ್ಲಿ ರಸ್ತೆಯ ಬದಿಗಳಲ್ಲಿ ಸಾಲುಸಾಲಾಗಿ ನಿಂತ ಲಾರಿಗಳನ್ನು ಕಂಡವರು ಅದನ್ನು ಮರೆತಿರಲಾರರು. ಲಾರಿಯ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಇದಕ್ಕೆ ಪ್ರತಿಯಾಗಿ ಅದೇ ಊರಿನ ಇನ್ನೊಂದು ಕಸುಬನ್ನು ನೋಡಬಹುದು. ಆಂಗ್ಲರ ಕಾಲದಲ್ಲಿ ಬಳ್ಳಾರಿಯು ದಂಡಿನ ಊರಾಗಿದ್ದಿತು. ಸಿಪಾಯಿಗಳ ಉಡುಪನ್ನು ಹೊಲಿಯುತ್ತಿದ್ದ ದರ್ಜಿಗಳ ಕಸುಬೇ ಇಂದಿನ ಜೀನ್ಸ್ ಉದ್ಯಮಕ್ಕೆ ಮೂಲವೆಂದು ಊರಿನಲ್ಲಿ ಹೇಳುವುದುಂಟು. ದಂಡು ಹೋಯಿತು, ಅದರೊಡನೆ ಆ ಉಡುಪಿನ ಬೇಡಿಕೆಯೂ ಹೋಯಿತು. ಆದರೆ ದಪ್ಪ ಬಟ್ಟೆಯನ್ನು ಅಳೆದು, ಕತ್ತರಿಸಿ, ಬಿಗಿಯಾಗಿ ಹೊಲಿಯುವ ಕೈಚಳಕವು ಉಳಿಯಿತು. ಕಾಲವು ಜೀನ್ಸ್ ಬೇಡಿದಾಗ ಆ ಕೈಗಳು ಸಿದ್ಧವಾಗಿದ್ದುವು. ಈ ಉದ್ಯಮಕ್ಕೂ ತನ್ನದೇ ಆದ ಕಷ್ಟಗಳುಂಟು. ದರ್ಜಿಯ ಬಾಳು ಸುಖದ್ದೆಂದು ಇದರ ಅರ್ಥವಲ್ಲ. ಗಮನಿಸತಕ್ಕದ್ದು ಇಷ್ಟೆ: ಲಾರಿಯವನು ಹಿಡಿದುಕೊಂಡದ್ದು ಒಂದು ಬೇಡಿಕೆಯನ್ನು, ದರ್ಜಿಯು ಹಿಡಿದುಕೊಂಡದ್ದು ಒಂದು ಸಾಮರ್ಥ್ಯವನ್ನು. ಮೊದಲನೆಯದು ಹೊರಗಿನದು, ಬಂದಂತೆ ಹೋಗತಕ್ಕದ್ದು. ಎರಡನೆಯದು ಒಳಗಿನದು.

(೪) ವಿದ್ಯೆಯ ನಾಲ್ಕು ಕಾಲಗಳು

ಮಾಹಿತಿ ತಂತ್ರಜ್ಞಾನದಲ್ಲಿಯೂ ಈ ಎರಡು ಬಗೆಯ ಕಲಿಕೆಗಳುಂಟು. ಹಳೆಯ ಪ್ರೋಗ್ರಾಂಗಳಲ್ಲಿ ಜಾಗವನ್ನು ಉಳಿಸಲೆಂದು ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದರು. ೧೯೯೯ ಕಳೆದು ೨೦೦೦ ಬಂದಾಗ ಯಂತ್ರಗಳು ಅದನ್ನು ೧೯೦೦ ಎಂದು ಭ್ರಮಿಸುವುವೆಂಬ ಭೀತಿಯಿಂದ ಅವೆಲ್ಲವನ್ನೂ ತಿದ್ದುವ ಕೆಲಸಕ್ಕೆ ಭಾರತದ ಸಾವಿರಾರು ಯುವಕರು ನಿಯುಕ್ತರಾದರು. ಕೋಬಾಲ್ ಎಂಬ ಪ್ರೋಗ್ರಾಂ ಭಾಷೆಯನ್ನು ಕೆಲವು ತಿಂಗಳಲ್ಲಿ ಕಲಿಸುವ ತರಬೇತಿಯ ಅಂಗಡಿಗಳು ಊರೂರಿನಲ್ಲಿ ತಲೆಯೆತ್ತಿದುವು. ೨೦೦೦ದ ಜನವರಿ ಕಳೆಯಿತು. ಆ ಬೇಡಿಕೆಯೂ ಕಳೆಯಿತು. ಮರುವರ್ಷವೇ ಅಮೆರಿಕದ ಅಂತರ್ಜಾಲ ಕಂಪನಿಗಳ ಕುಸಿತದಿಂದ ಉದ್ಯಮವೆಲ್ಲವೂ ತತ್ತರಿಸಿತು. ತಿದ್ದುವ ಸೂತ್ರವನ್ನಷ್ಟೇ ಕಲಿತವರು ಆಗ ಬೀದಿಗೆ ಬಂದರು. ಬ್ಯಾಂಕಿನ ಲೆಕ್ಕವು ಹೇಗೆ ನಡೆಯುವುದು, ಯಂತ್ರದೊಳಗೆ ಮಾಹಿತಿಯು ಹೇಗೆ ನಿಲ್ಲುವುದು, ತಪ್ಪು ಎಲ್ಲಿ ಹುಟ್ಟುವುದು ಎಂಬುದನ್ನು ಆ ಕೆಲಸದ ನೆವದಲ್ಲಿ ಕಲಿತವರು ಬೇರೆ ಕೆಲಸಗಳಿಗೆ ನಡೆದರು.

ಇನ್ನೂ ಹಿಂದಕ್ಕೆ ಹೋದರೆ, ಕಂಪ್ಯೂಟರ್ ಎಂಬುದು ಮೊದಲು ಯಂತ್ರದ ಹೆಸರಾಗಿರದೆ ಮನುಷ್ಯನ ಹುದ್ದೆಯ ಹೆಸರಾಗಿದ್ದಿತೆಂಬುದು ತಿಳಿಯುವುದು. ಭಾರತದ ಮಹಾ ಭೂಮಾಪನ ಕಾರ್ಯಕ್ಕೆ ೧೮೩೧ರಲ್ಲಿ ಸೇರಿದ ಬಂಗಾಳದ ರಾಧಾನಾಥ ಸಿಕ್‌ದಾರನು ಲೆಕ್ಕ ಮಾಡುವ ಆ ಹುದ್ದೆಯಲ್ಲಿಯೇ ಇದ್ದನು; ಎವರೆಸ್ಟ್ ಶಿಖರದ ಎತ್ತರವನ್ನು ಕಂಡುಹಿಡಿದ ಗಣಿತದಲ್ಲಿ ಅವನ ಹೆಸರು ಸೇರಿದೆ. ಆ ಹುದ್ದೆಯನ್ನು ಯಂತ್ರವು ತೆಗೆದುಕೊಂಡಿತು. ತ್ರಿಕೋಣಮಿತಿಯಾದರೋ ಇಂದಿಗೂ ಬೇಕು. ಈಗ ಪ್ರೋಗ್ರಾಂ ಬರೆಯುವ ಕೆಲಸದ ಒಂದು ಭಾಗವನ್ನೂ ಯಂತ್ರವು ತೆಗೆದುಕೊಳ್ಳುತ್ತಿದೆ. ಆದರೆ ಯಾವ ಪ್ರಶ್ನೆಯನ್ನು ಯಂತ್ರಕ್ಕೆ ಒಡ್ಡಬೇಕು, ಬಂದ ಉತ್ತರವು ಸರಿಯೋ ತಪ್ಪೋ, ಅದರಿಂದ ಯಾರಿಗೆ ಕೇಡಾದೀತು ಎಂಬ ವಿವೇಕವು ಇದರಿಂದ ಅನಾವಶ್ಯಕವಾಗುವುದಿಲ್ಲ. ಯಂತ್ರವು ಬರೆದಷ್ಟೂ ಅದರ ಆವಶ್ಯಕತೆಯು ಹೆಚ್ಚುವುದು.

ಪತಂಜಲಿಯು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ, ವಿದ್ಯೆಯು ಉಪಯುಕ್ತವಾಗುವುದು ನಾಲ್ಕು ಕಾಲಗಳಲ್ಲಿ ಎಂದು ಎಣಿಸಿದ್ದಾನೆ. ಗುರುವಿನಿಂದ ಪಡೆಯುವ ಆಗಮಕಾಲ, ತಾನೇ ಕುಳಿತು ಅಭ್ಯಾಸ ಮಾಡುವ ಸ್ವಾಧ್ಯಾಯಕಾಲ, ಇತರರಿಗೆ ಹೇಳಿಕೊಡುವ ಪ್ರವಚನಕಾಲ, ಪ್ರಯೋಗಕ್ಕೆ ತರುವ ವ್ಯವಹಾರಕಾಲ. ಇವುಗಳಲ್ಲಿ ಉದ್ಯೋಗದ ಮಾರುಕಟ್ಟೆಗೆ ಕಾಣುವುದು ಕಡೆಯದು ಒಂದೇ. ಅದೊಂದಕ್ಕೇ ಓಡುವವನು ನಡುವಣ ಎರಡನ್ನೂ ನೆಗೆದುಬಿಡುತ್ತಾನೆ. ಪಾಠವನ್ನು ಕೇಳಿ, ಪರೀಕ್ಷೆಯನ್ನು ದಾಟಿ, ಕೂಡಲೇ ಸಂಬಳಕ್ಕೆ ಸೇರುವುದು ಅವನ ಕ್ರಮ. ತನ್ನಷ್ಟಕ್ಕೆ ತಾನು ಒಂದು ಸಮಸ್ಯೆಯೊಡನೆ ಹೆಣಗಾಡಿದ ದಿನಗಳಾಗಲಿ, ತಿಳಿಯದ ಜೊತೆಗಾರನಿಗೆ ತಿಳಿಹೇಳಿದ ದಿನಗಳಾಗಲಿ ಅವನ ಓದಿನಲ್ಲಿಲ್ಲ. ಬೇಡಿಕೆಯು ಬದಲಾದಾಗ ಅವನು ಮತ್ತೊಬ್ಬ ಗುರುವನ್ನು ಹಣ ಕೊಟ್ಟು ಹುಡುಕಬೇಕಾಗುವುದು. ಸ್ವಾಧ್ಯಾಯವನ್ನು ಬಲ್ಲವನಿಗೆ ಆ ಪರಾಧೀನತೆಯು ಇಲ್ಲ. ಈ ಆತುರವು ಕಲಿಯುಗದ ಈ ದಶಕದಲ್ಲಿಯೇ ಹುಟ್ಟಿದ್ದೂ ಅಲ್ಲ. ಪೂರ್ವದವರು ಮೊದಲು ವ್ಯಾಕರಣವನ್ನು ಓದುತ್ತಿದ್ದರು, ಈಗಿನವರಾದರೋ ವೇದವನ್ನು ಬೇಗಬೇಗ ಓದಿ ಮುಗಿಸಿ ವ್ಯಾಕರಣವು ನಿಷ್ಪ್ರಯೋಜಕವೆನ್ನುತ್ತಾರೆಂದು ಅದೇ ಪತಂಜಲಿಯೇ ಎರಡು ಸಾವಿರ ವರ್ಷಗಳ ಹಿಂದೆ ಗುರುತಿಸಿದ್ದನು.

ಸಂಸ್ಕೃತದ ಹೆಸರು ಬಂದುದರಿಂದ ಒಂದು ಭ್ರಾಂತಿಯನ್ನೂ ಇಲ್ಲಿಯೇ ಪರಿಹರಿಸುವುದು ಒಳಿತು. ಗಣಕಯಂತ್ರಕ್ಕೆ ಸಂಸ್ಕೃತವೇ ಅತ್ಯುತ್ತಮವಾದ ಭಾಷೆಯೆಂದು ಅಮೆರಿಕದ ವಿಜ್ಞಾನಿಗಳು ಸಾಧಿಸಿದ್ದಾರೆಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು. ರಿಕ್ ಬ್ರಿಗ್ಸ್ ಎಂಬಾತನು ೧೯೮೫ರಲ್ಲಿ ಬರೆದ ಒಂದು ಲೇಖನವೇ ಇದರ ಮೂಲ. ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವುದರಲ್ಲಿ ಪ್ರಾಚೀನ ವೈಯಾಕರಣರ ಕ್ರಮಕ್ಕೂ ಕೃತಕ ಬುದ್ಧಿಮತ್ತೆಯ ಶೋಧಕರ ಕ್ರಮಕ್ಕೂ ಹೋಲಿಕೆಯಿದೆಯೆಂದು ಅವನು ತೋರಿಸಿದನು. ಸಂಸ್ಕೃತದಲ್ಲಿ ಪ್ರೋಗ್ರಾಂಗಳನ್ನು ಬರೆಯತಕ್ಕದ್ದೆಂಬುದು ಅದರಿಂದ ಸಿದ್ಧಿಸುವುದಿಲ್ಲ. ಇಂದಿನ ಉದ್ಯಮವು ಹಾಗೆ ನಡೆಯುವುದೂ ಇಲ್ಲ. ಈ ಮಾತನ್ನು ಹಬ್ಬಿಸುವವರ ಅಭಿಮಾನವು ಒಳ್ಳೆಯದೇ ಆಗಿರಬಹುದು. ಆದರೆ ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳ ಬೆಲೆಯು ಪರದೇಶದ ಸಂಸ್ಥೆಯೊಂದು ಅವುಗಳನ್ನು ಕೊಳ್ಳಲು ಬಂದಾಗ ಮಾತ್ರ ಸ್ಥಿರಪಡುವುದೆಂದು ತಿಳಿಯುವುದು, ಬೇಡಿಕೆಯೇ ದೇವರೆಂದು ಒಪ್ಪಿದಂತಲ್ಲವೇ? ಸಾಮಾನ್ಯ ವಿಧಿ ಯಾವುದು, ಅಪವಾದ ಯಾವುದು, ಯಾವ ನಿಯಮವು ಯಾವುದನ್ನು ಬಾಧಿಸುವುದು ಎಂದು ತಪ್ಪದೆ ಯೋಚಿಸುವ ಶಿಸ್ತು ಅಲ್ಲಿ ದೊರೆಯುವುದು. ಅಂಥ ಶಿಸ್ತು ವ್ಯಾಕರಣದಿಂದ ಬರಲಿ, ಗಣಿತದಿಂದ ಬರಲಿ, ಅದನ್ನು ಪಡೆದವನು ಯಾವ ಶಾಸ್ತ್ರದ ಹೊಸ್ತಿಲನ್ನಾದರೂ ದಾಟಬಲ್ಲನು.

(೫) ಬೇಡಿಕೆ ಬೇರೆ, ಅಗತ್ಯ ಬೇರೆ

ಬೇಡಿಕೆಯೆಂದರೆ ಲೋಕದ ಅಗತ್ಯವೇ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಹಣದ ಬೆಂಬಲವಿರುವ ಅಗತ್ಯಕ್ಕೆ ಮಾತ್ರ ಮಾರುಕಟ್ಟೆಯು ಬೇಡಿಕೆಯೆಂದು ಹೆಸರಿಡುವುದು. ಹಣವಿಲ್ಲದವನ ಅಗತ್ಯವು ಎಷ್ಟೇ ದೊಡ್ಡದಾದರೂ ಆ ಲೆಕ್ಕದಲ್ಲಿ ಸೊನ್ನೆ. ತುಂಗಭದ್ರೆಯ ಕಾಲುವೆಯ ನೀರು ನಿಂತು ಎಷ್ಟೋ ಎಕರೆ ಭೂಮಿಯು ಸವುಳಾಗಿರುವುದು. ಅದನ್ನು ಅಳೆದು ಉಪಾಯವನ್ನು ಹೇಳಬಲ್ಲ ವಿದ್ಯಾವಂತರು ಬೇಕು. ಗಣಿಯ ಧೂಳು ಕುಡಿದ ಹಳ್ಳಿಗಳ ಆರೋಗ್ಯವನ್ನು ವರ್ಷವರ್ಷವೂ ದಾಖಲಿಸುವವರು ಬೇಕು. ಇವು ಯಾವ ಉದ್ಯೋಗಮೇಳದ ಪಟ್ಟಿಯಲ್ಲಿಯೂ ಮೊದಲನೆಯ ಸಾಲಿನಲ್ಲಿ ಬರುವುದಿಲ್ಲ.

೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹರಿದುಹೋಗುತ್ತಿರಲು, ಸಿರುಗುಪ್ಪದ ಭತ್ತದ ಬೆಳೆಗಾರರಿಂದ ಹಿಡಿದು ರಾಯಚೂರಿನ ಕೊನೆಯ ಕಾಲುವೆಯವರೆಗೆ ಎಲ್ಲರ ಎದೆಯೂ ನಡುಗಿತು. ಆಗ ಬೇಕಾದುದು ಲೋಕವೆಲ್ಲವೂ ಬೇಡುತ್ತಿದ್ದ ವಿದ್ಯೆಯಲ್ಲ. ಜಲಾಶಯದ ಗೇಟುಗಳ ವಿಷಯದಲ್ಲಿ ಬಾಳನ್ನೇ ಸವೆಸಿದ ವಯೋವೃದ್ಧ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕವಾದ ಉಕ್ಕಿನ ತಡೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ನಿಲ್ಲಿಸಲಾಯಿತು. ಅವರ ವಿದ್ಯೆಗೆ ಹಿಂದಿನ ದಿನ ಬೇಡಿಕೆ ಎಷ್ಟಿದ್ದಿತು? ಅದನ್ನು ಯಾರೂ ಕೇಳಿರಲಿಲ್ಲ. ಆದರೆ ಆ ವಿದ್ಯೆಯು ಇಲ್ಲದಿದ್ದರೆ ಲಕ್ಷಾಂತರ ಎಕರೆಗಳ ಬೆಳೆಯ ಗತಿ ಏನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಇದರಿಂದ ಗಣಕಯಂತ್ರದ ವಿದ್ಯೆಯು ಹೊಲಕ್ಕೆ ಉಪಯೋಗವಿಲ್ಲದ್ದೆಂದು ಭಾವಿಸಬಾರದು. ಕರ್ನಾಟಕ ಸರಕಾರವು ೨೦೦೦ನೆಯ ಇಸವಿಯ ಸುಮಾರಿಗೆ ಭೂಮಿ ಎಂಬ ಯೋಜನೆಯಿಂದ ಸುಮಾರು ಅರವತ್ತೇಳು ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಒಂದು ಪಹಣಿಗಾಗಿ ಗ್ರಾಮಲೆಕ್ಕಿಗನ ಬಾಗಿಲನ್ನು ಕಾಯುತ್ತಿದ್ದ ರೈತನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಣ್ಣ ಶುಲ್ಕವನ್ನು ಕೊಟ್ಟು ಅದನ್ನು ಪಡೆಯುವಂತಾಯಿತು. ಬೆಂಗಳೂರಿನಲ್ಲಿ ಪರದೇಶದ ಅಂಗಡಿಯ ಲೆಕ್ಕವನ್ನು ಬರೆದ ವಿದ್ಯೆಯೇ ಇಲ್ಲಿ ಬಡವನ ಹೊಲದ ಗಡಿಯನ್ನು ಕಾಯಿತು. ಒಂದೇ ವಿದ್ಯೆಯು ಎರಡು ಕಡೆಗೂ ಸಲ್ಲುವುದು. ಎಲ್ಲಿ ಸಲ್ಲಿಸಬೇಕೆಂಬುದು ಅದನ್ನು ಕಲಿತವನ ಧರ್ಮವಿಚಾರಕ್ಕೆ ಬಿಟ್ಟದ್ದು.

(೬) ಯಾರ ಹೊಣೆ ಯಾವುದು

ಇನ್ನು ಹೊಣೆಯ ವಿಚಾರ. ವಿದ್ಯಾರ್ಥಿಯೊಬ್ಬನನ್ನೇ ದೂರುವುದು ಸುಲಭ. ಆದರೆ ಹದಿನೇಳು ವರ್ಷದ ಹುಡುಗನಿಗೆ ಮಾರ್ಗವನ್ನು ಆರಿಸಿಕೊಡುವವರು ಬೇರೆಯವರು. ಮೊದಲನೆಯ ಹೊಣೆಯು ತಂದೆತಾಯಿಗಳದು. ಸಾಲ ಮಾಡಿ ಓದಿಸುವುದು ತಪ್ಪಲ್ಲ. ಮಗನ ಒಲವನ್ನಾಗಲಿ ಶಕ್ತಿಯನ್ನಾಗಲಿ ನೋಡದೆ, ಪಕ್ಕದ ಮನೆಯವರ ಮಗನ ಸಂಬಳವನ್ನು ನೋಡಿ ಸಾಲ ಮಾಡುವುದು ತಪ್ಪು. ಗಣಿತದಲ್ಲಿ ಮನಸ್ಸಿಲ್ಲದವನನ್ನು ಗಣಕದ ತರಗತಿಗೆ ದಬ್ಬಿದರೆ ಅವನು ಅಲ್ಲಿ ಹಿಂದುಳಿಯುವನು. ಬೇರೆಡೆ ಮುಂದುವರಿಯಬಹುದಾಗಿದ್ದವನೆಂಬುದು ಯಾರಿಗೂ ತಿಳಿಯದೆ ಹೋಗುವುದು. ಹೆಣ್ಣುಮಗಳ ವಿಷಯದಲ್ಲಿ ಈ ದಬ್ಬಾಳಿಕೆಯು ಇನ್ನೊಂದು ಮುಖವನ್ನು ತಾಳುವುದು: ಬೇಡಿಕೆಯ ವಿದ್ಯೆಯನ್ನು ಕಲಿತ ಮೇಲೆಯೂ ಬೆಂಗಳೂರಿಗೆ ಕಳುಹಿಸಲು ಮನೆಯವರು ಒಪ್ಪರು.

ಎರಡನೆಯದು ವಿದ್ಯಾಸಂಸ್ಥೆಗಳ ಹೊಣೆ. ಉದ್ಯೋಗ ಖಚಿತವೆಂಬ ಫಲಕವನ್ನು ಹಾಕಿ, ಒಬ್ಬನಿಗೆ ದೊರೆತ ಅತಿ ದೊಡ್ಡ ಸಂಬಳವನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿ, ಕೆಲಸವೇ ದೊರೆಯದೆ ಹೋದವರ ಸಂಖ್ಯೆಯನ್ನು ಬಿಟ್ಟುಬಿಡುವುದು ಸುಳ್ಳಿನ ಒಂದು ಪ್ರಭೇದ. ಬಾಯಿಂದ ಅಸತ್ಯವನ್ನು ಆಡದಿದ್ದರೂ, ಸತ್ಯದಲ್ಲಿ ಬೇಕಾದ ತುಣುಕನ್ನು ಮಾತ್ರ ಹೇಳಿ ನಂಬಿಸಿದವನು ಅಸತ್ಯದ ಫಲವನ್ನೇ ಉಣ್ಣುತ್ತಾನೆ. ಬಿತ್ತನೆಯ ಬೀಜವು ಕಳಪೆಯಾಗಿದ್ದರೆ ಮಾರಿದವನನ್ನು ಕೇಳುವ ಕಾನೂನುಂಟು. ಕಳಪೆಯಾದ ಭರವಸೆಯನ್ನು ಮಾರಿದವನನ್ನು ಕೇಳುವ ಧೈರ್ಯವಾದರೂ ಸಮಾಜಕ್ಕೆ ಇರಬೇಕು. ಕಾಲೇಜು ಖಂಡಿತವಾಗಿ ಕೊಡಬಹುದಾದ ಭರವಸೆಯು ಒಂದೇ: ಇಲ್ಲಿ ಚೆನ್ನಾಗಿ ಪಾಠ ನಡೆಯುವುದೆಂಬುದು. ನಾಲ್ಕು ವರ್ಷಗಳ ಆಚೆಯ ಸಂತೆಯ ಧಾರಣೆಯನ್ನು ಅದು ಕೊಡಲಾರದು.

ಮೂರನೆಯದು ಸರಕಾರದ್ದು. ಸಂವಿಧಾನದ ೩೭೧ (ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಸರಕಾರದ ಹುದ್ದೆಗಳಲ್ಲಿಯೂ ಮೀಸಲಾತಿ ದೊರೆತಿದೆ, ಅದು ಒಳ್ಳೆಯದು. ಆದರೆ ಖಾಸಗಿಯ ಗಣಕ ಉದ್ಯಮದ ಬಾಗಿಲಲ್ಲಿ ಆ ವಿಧಿಯು ನಿಲ್ಲುವುದಿಲ್ಲ. ಅಲ್ಲಿ ನಿಲ್ಲಬಲ್ಲುದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತವನ್ನೂ ಭಾಷೆಯನ್ನೂ ಸರಿಯಾಗಿ ಕಲಿಸಿದ ಒಬ್ಬ ಉಪಾಧ್ಯಾಯನ ಶ್ರಮವೇ. ಉನ್ನತ ಶಿಕ್ಷಣದ ಕಟ್ಟಡಗಳು ಎಷ್ಟು ಎದ್ದರೂ ಈ ತಳಪಾಯವು ಸಡಿಲವಾಗಿದ್ದರೆ ಅವು ನಿಲ್ಲಲಾರವು.

(೭) ಸಿದ್ಧಾಂತ

ಹಾಗಾದರೆ ಬೇಡಿಕೆಯನ್ನು ನೋಡಲೇಬಾರದೇ? ನೋಡಬೇಕ. ಹೊಲಕ್ಕೆ ಹೋಗುವವನು ಆಕಾಶವನ್ನು ನೋಡುವಂತೆ ನೋಡಬೇಕು. ಮೋಡವನ್ನು ನೋಡಿ ಬಿತ್ತನೆಯ ದಿನವನ್ನು ಗೊತ್ತುಮಾಡಬಹುದು. ಮೋಡವನ್ನೇ ನಂಬಿ ಬಾವಿಯನ್ನು ಮುಚ್ಚಬಾರದು. ವಿದ್ಯೆಯ ಮೂಲವು ಬಾವಿಯಿದ್ದಂತೆ. ಅದು ಒಂದು ವರ್ಷದ ಬೇಡಿಕೆಯನ್ನು ಕಾಯದೆ ನಿಧಾನವಾಗಿ ತೋಡತಕ್ಕದ್ದು.

ಬಳ್ಳಾರಿಯ ರಾಘವರು (೧೮೮೦–೧೯೪೬) ವೃತ್ತಿಯಿಂದ ವಕೀಲರಾಗಿದ್ದರು. ಲೋಕವು ಅವರನ್ನು ನೆನೆಯುವುದು ನಟನೆಗಾಗಿ. ಅವರು ನ್ಯಾಯಶಾಸ್ತ್ರದಿಂದ ಮನೆಯನ್ನು ನಡೆಸಿ, ಅಭಿನಯದಿಂದ ಕಾಲವನ್ನು ಗೆದ್ದರು. ಇಬ್ಬಗೆಯಾದ ಈ ಬಾಳು ಎಲ್ಲರಿಗೂ ಸಾಧ್ಯವಲ್ಲ. ಆದರೂ ಹೊಟ್ಟೆಯ ವಿದ್ಯೆಯೊಂದೇ ಮನುಷ್ಯನ ಸಮಸ್ತ ವಿದ್ಯೆಯಾಗಬೇಕಾಗಿಲ್ಲವೆಂಬುದಕ್ಕೆ ಈ ಊರಿನಲ್ಲಿಯೇ ಒಂದು ದೃಷ್ಟಾಂತವಿರುವುದು ಮರೆಯತಕ್ಕದ್ದಲ್ಲ.

ಆದುದರಿಂದ ಕುರುಗೋಡಿನ ಹುಡುಗಿಯು ಗಣಕಯಂತ್ರದ ವಿದ್ಯೆಯನ್ನು ಕಲಿಯಬಹುದೇ ಎಂದು ಅವಳ ತಾಯಿಯು ಕೇಳಿದರೆ, ಅವಳಿಗೆ ಅದರಲ್ಲಿ ಮನಸ್ಸಿದ್ದರೆ ನಿಸ್ಸಂಶಯವಾಗಿ ಕಲಿಯಲಿ ಎನ್ನತಕ್ಕದ್ದು. ಆದರೆ ಗಣಿತವನ್ನು ಬೇರುಸಹಿತವಾಗಿ ಕಲಿಯಲಿ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತಾನು ತಿಳಿದುದನ್ನು ಹತ್ತು ವಾಕ್ಯಗಳಲ್ಲಿ ಸ್ಪಷ್ಟವಾಗಿ ಹೇಳಲು ಕಲಿಯಲಿ. ಯಂತ್ರವು ಕೊಟ್ಟ ಉತ್ತರವನ್ನು ನಂಬುವ ಮೊದಲು ತಾನೇ ಪರೀಕ್ಷಿಸುವುದನ್ನು ಅಭ್ಯಾಸ ಮಾಡಲಿ. ಗೆಳತಿಯೊಬ್ಬಳಿಗೆ ದಿನವೂ ಒಂದು ಪಾಠವನ್ನು ಹೇಳಿಕೊಡಲಿ. ಮನೆಯವರು ಊರಿನ ಹೊಲವನ್ನೆಲ್ಲಾ ಒಂದೇ ಆಶೆಗೆ ಅಡವಿಡದಿರಲಿ. ಹೀಗೆ ಕಲಿತವಳಿಗೆ ಬೇಡಿಕೆಯು ಬಂದರೆ ಅವಳು ಸಿದ್ಧಳಾಗಿರುವಳು. ಅದು ಹೋದರೆ ಅವಳೊಡನೆ ಅವಳ ವಿದ್ಯೆಯು ಉಳಿದಿರುವುದು. ಅದನ್ನು ಬೇರೊಂದು ಕೆಲಸಕ್ಕೆ ಹೂಡಲು ಅವಳಿಗೆ ಬರುವುದು. ಮುಂದೆ ಯಾವುದಕ್ಕೆ ಬೇಡಿಕೆಯೆಂಬ ಪ್ರಶ್ನೆಗೆ ಯಾರೂ ಪ್ರಾಮಾಣಿಕವಾಗಿ ಉತ್ತರವನ್ನು ಕೊಡಲಾರರು. ಬೇಡಿಕೆಯು ಹೋದ ಮೇಲೆ ಈ ಮಗುವಿನಲ್ಲಿ ಏನು ಉಳಿಯುವುದೆಂಬ ಪ್ರಶ್ನೆಗೆ ತಂದೆತಾಯಿಗಳೂ ಉಪಾಧ್ಯಾಯರೂ ಇಂದೇ ಉತ್ತರವನ್ನು ಕೊಡಬಹುದು. ಕೊಡಲು ಬದ್ಧರೂ ಆಗಿದ್ದಾರೆ.